ರಾಗಿ ಬಾಟಲಿಗೆ ಎಷ್ಟು ಅಂಕ? ನ್ಯಾಕ್ ತಂಡದ ಜೊತೆ ಕೋರಾಪುಟ್‌ನಲ್ಲಿ ನಾಲ್ಕು ದಿನ

ಇದು 2019ರ ನವೆಂಬರ್ ಮಾತು. ಒಡಿಶಾದ ಕೋರಾಪುಟ್ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿಗೆ ನ್ಯಾಕ್ ತಂಡದ ಸದಸ್ಯೆಯಾಗಿ ಹೋಗಿದ್ದೆ. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ರಾಷ್ಟ್ರೀಯ ಸಂಸ್ಥೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಬಾರದು ಕೂಡ. ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಕಾಲೇಜಿನ ಪ್ರಿನ್ಸಿಪಾಲ್ ಅಂದರೆ ಸಾಕು.

ಭಾನುವಾರ

ಬೆಳಗಿನ ವಿಮಾನಕ್ಕೆ ರಾತ್ರಿಯೇ ಊರು ಬಿಟ್ಟಿದ್ದೆ. ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ಒಂದೂವರೆ ಗಂಟೆ. ಪಕ್ಕದ ಸೀಟಿನವರು ನಿದ್ದೆಗೆ ಜಾರಿದ ಮೇಲೆ ಎಸ್‌ಎಸ್‌ಆರ್ ತೆಗೆದೆ. ಎಸ್‌ಎಸ್‌ಆರ್ ಅಂದರೆ ಸೆಲ್ಫ್ ಸ್ಟಡಿ ರಿಪೋರ್ಟ್, ಕಾಲೇಜು ತನ್ನ ಜಾತಕವನ್ನು ತಾನೇ ಬರೆದುಕೊಳ್ಳುವುದು. ತಾನೇ ಬರೆದುಕೊಂಡ ಜಾತಕದಲ್ಲಿ ಶನಿ ಯಾವ ಮನೆಯಲ್ಲೂ ಇರುವುದಿಲ್ಲ ನೋಡಿ. ಆಗ ಏಳು ಮಾನದಂಡ, ಒಟ್ಟು ಸಾವಿರ ಅಂಕ. ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ ಮತ್ತು ಲೈಬ್ರರಿ, ವಿದ್ಯಾರ್ಥಿಗಳಿಗೆ ಸಿಗುವ ನೆರವು, ಆಡಳಿತ, ಕೊನೆಗೆ ಮೌಲ್ಯಗಳು ಮತ್ತು ಬೆಸ್ಟ್ ಪ್ರಾಕ್ಟೀಸ್, ಅಂದರೆ ಕಾಲೇಜು ತನ್ನದು ಅಂತ ತೋರಿಸಿಕೊಳ್ಳುವ ಒಳ್ಳೇ ರೂಢಿಗಳು. ಇಂಥ ಕಾಲೇಜುಗಳಿಗೆ ಬೋಧನೆಯೊಂದಕ್ಕೇ 350 ಅಂಕ ಇತ್ತು.

ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನಾವು ಮೂವರು ಹೋಗಿ ಇಡೀ ಗ್ರೇಡ್ ಕೊಟ್ಟು ಬರುತ್ತೇವೆ ಅಂತ ಎಲ್ಲರೂ ಅಂದುಕೊಂಡಿರುತ್ತಿದ್ದರು. ಹಾಗಿರಲಿಲ್ಲ. 2017ರಲ್ಲಿ ಪದ್ಧತಿ ಬದಲಾಯಿತು. ಆಮೇಲೆ ನೂರಕ್ಕೆ ಸುಮಾರು 70 ಭಾಗ ಬರೀ ಅಂಕಿಅಂಶ. ಎಷ್ಟು ಮೇಷ್ಟ್ರು, ಎಷ್ಟು ಪುಸ್ತಕ, ಎಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್ ಎಂಬಂಥವು. ಅದನ್ನು ನಾವು ಹೊರಡುವ ಮೊದಲೇ ಬೇರೆ ಏಜೆನ್ಸಿಯವರು ದಾಖಲೆ ತರಿಸಿಕೊಂಡು ತಾಳೆ ನೋಡಿರುತ್ತಿದ್ದರು. ಮಕ್ಕಳ ಅಭಿಪ್ರಾಯವನ್ನೂ ಆನ್‌ಲೈನ್‌ನಲ್ಲಿ ಬೇರೆಯೇ ಕೇಳಿರುತ್ತಿದ್ದರು. ಕಣ್ಣಾರೆ ನೋಡಿ ಹೇಳಬೇಕಾದ ಉಳಿದ 30 ಭಾಗ ಮಾತ್ರ ನಮ್ಮದಾಗಿತ್ತು. ಒಂದೊಂದು ಅಂಶಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ.

ವಿಶಾಖಪಟ್ಟಣದಲ್ಲಿ ಕಾರು ಕಾಯುತ್ತಿತ್ತು. ಕಾಲೇಜಿನವರದ್ದಲ್ಲ. ಕಾರು, ಹೋಟೆಲ್ ಎಲ್ಲವನ್ನೂ ನ್ಯಾಕ್ ಗೊತ್ತುಮಾಡಿದ ಏಜೆನ್ಸಿಯೇ ನೋಡಿಕೊಳ್ಳುತ್ತಿತ್ತು. ಅಲ್ಲಿಂದ ಕೋರಾಪುಟ್ ಸುಮಾರು 200 ಕಿಲೋಮೀಟರ್. ವಿಜಯನಗರಂ ದಾಟಿ ಸಾಲೂರು ಮುಟ್ಟುವವರೆಗೆ ಸೆಕೆ, ತೆಂಗು, ಭತ್ತ. ಸಾಲೂರಿನಿಂದ ಘಾಟಿ ಶುರು. ತಿರುವು ಮೇಲೆ ತಿರುವು. ಎದುರಿಗೆ ಬಾಕ್ಸೈಟೋ ಅಲ್ಯುಮಿನಾನೋ ಹೊತ್ತ ಲಾರಿಗಳು. ಸುಂಕಿ ಹತ್ತಿರ ಡ್ರೈವರ್ ಟೀಗೆ ನಿಲ್ಲಿಸಿದಾಗ ಗಾಳಿ ತಣ್ಣಗಾಗಿತ್ತು. ಕೋರಾಪುಟ್ ಇರುವುದೂ ಹೆಚ್ಚುಕಡಿಮೆ ಬೆಂಗಳೂರಿನ ಎತ್ತರದಲ್ಲೇ.

ಘಾಟಿ ಮುಗಿದ ಮೇಲೆ ನನಗೆ ಮಾತೇ ನಿಂತುಹೋಯಿತು. ಗುಡ್ಡದ ಇಳಿಜಾರಿನ ತುಂಬಾ ಹುಚ್ಚೆಳ್ಳು ಹೂ ಬಿಟ್ಟಿತ್ತು. ಅರಿಶಿನ ಚೆಲ್ಲಿದ ಹಾಗೆ. ಅದರ ಮಗ್ಗುಲಿಗೆ ರಾಗಿ ಹೊಲ, ಕೆಲವು ಕಡೆ ಕೊಯ್ಲು ಆಗಿ ಮೆದೆ ಹಾಕಿದ್ದರು. ನಮ್ಮೂರಲ್ಲಿ ನಾನು ಚಿಕ್ಕವಳಿದ್ದಾಗ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಹುಚ್ಚೆಳ್ಳು ಹಾಕುತ್ತಿದ್ದರು. ಈಗ ಹುಡುಕಬೇಕು. ಸಾವಿರ ಕಿಲೋಮೀಟರ್ ಆಚೆ, ಭಾಷೆ ಗೊತ್ತಿಲ್ಲದ ಊರಲ್ಲಿ, ಅಮ್ಮನ ಹೊಲ ಎದುರಿಗೆ ನಿಂತಿತ್ತು.

ಸಂಜೆ ಹೋಟೆಲ್‌ನಲ್ಲಿ ಮೂವರೂ ಸೇರಿದೆವು. ಅಧ್ಯಕ್ಷರು ಗುಜರಾತಿನವರು, ನಿವೃತ್ತ ಕುಲಪತಿ. ಸದಸ್ಯ ಸಂಯೋಜಕರು ಕೇರಳದ ಕೆಮಿಸ್ಟ್ರಿ ಪ್ರೊಫೆಸರ್. ಮೂವರಲ್ಲಿ ಒಬ್ಬರೂ ಒಡಿಶಾದವರಲ್ಲ, ಆ ರಾಜ್ಯದವರನ್ನು ಹಾಕುವುದಿಲ್ಲ. ಈ ಕಾಲೇಜಿಗೂ ನನಗೂ ಏನೂ ಸಂಬಂಧವಿಲ್ಲ ಅಂತ ಮೊದಲೇ ಸಹಿ ಹಾಕಿ ಕೊಟ್ಟಿರುತ್ತೇವೆ. ಕೆಲಸ ಹಂಚಿಕೊಂಡೆವು. ನನಗೆ ಲೈಬ್ರರಿ, ವಿದ್ಯಾರ್ಥಿಗಳ ವಿಷಯ ಮತ್ತು ಏಳನೇ ಮಾನದಂಡ ಬಂತು.

ಊಟ ಮಾಡುತ್ತಾ ಅಧ್ಯಕ್ಷರು ಒಂದು ಮಾತು ಹೇಳಿದರು. "ಕಾಗದ ನೋಡೋಕೆ ಇಷ್ಟು ದೂರ ಬರಬೇಕಿರಲಿಲ್ಲ. ನಾಳೆ ಯಾರೂ ತೋರಿಸದ ಬಾಗಿಲು ಕಂಡರೆ ತಳ್ಳಿ ನೋಡಿ." ಸರಿ ಸರ್ ಅಂದೆ. ಮನಸ್ಸಿನಲ್ಲಿ ನಮ್ಮ ಕಾಲೇಜಿನ ನ್ಯಾಕ್ ನೆನಪಾಗಿ ನಗು ಬಂತು. ಆಗ ಬಾಡಿಗೆಗೆ ತಂದ ಹೂಕುಂಡಗಳನ್ನು ನಾನೇ ಮುಂದೆ ನಿಂತು ಇಳಿಸಿಕೊಂಡಿದ್ದೆ. ಒಂದು ಬಾಗಿಲಿಗೆ ಬೀಗ ಹಾಕಿಸಿದ್ದೂ ನಾನೇ. ಒಳಗೆ ಮುರಿದ ಬೆಂಚುಗಳಿದ್ದವು.

ಸೋಮವಾರ

ಗೇಟಿನಲ್ಲೇ ಪೇಂಟ್ ವಾಸನೆ. ಎಲ್ಲಾ ರಾಜ್ಯದಲ್ಲೂ ನ್ಯಾಕ್‌ನ ವಾಸನೆ ಒಂದೇ ಅನ್ನಿ. ಎರಡೂ ಬದಿಗೆ ಹುಡುಗಿಯರು ಹೂ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಅಧ್ಯಕ್ಷರು ಕಾರಿನಿಂದ ಇಳಿದವರೇ ಪ್ರಿನ್ಸಿಪಾಲರ ಕೈ ಹಿಡಿದುಕೊಂಡು, "ಮೊದಲು ಇವರನ್ನ ಕ್ಲಾಸಿಗೆ ಕಳಿಸಿ ಸರ್, ಆಮೇಲೆ ನಾನು ಒಳಗೆ ಬರ್ತೀನಿ" ಅಂದರು. ಪಾಪ, ಪ್ರಿನ್ಸಿಪಾಲರ ಮುಖ ಬಿಳುಚಿಕೊಂಡಿತು. ನನಗೆ ಅಯ್ಯೋ ಅನ್ನಿಸಿತು. ಆ ಜಾಗದಲ್ಲಿ ನಾನೂ ನಿಂತವಳೇ.

ಪ್ರಿನ್ಸಿಪಾಲರ ಪ್ರೆಸೆಂಟೇಷನ್ ಆಯಿತು. ಅದರ ಬಗ್ಗೆ ಬರೆಯುವುದು ಏನೂ ಇಲ್ಲ.

ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೇರಳದ ಪ್ರೊಫೆಸರ್ ಖುಷಿಯಾಗಿಬಿಟ್ಟರು. ಹೊಸ ಉಪಕರಣಗಳ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋದರು. ಆದರೆ ಮೂಲೆಯ ಹಳೇ ಬ್ಯುರೆಟ್‌ಗಳ ನಲ್ಲಿಗೆಲ್ಲಾ ಹೊಸದಾಗಿ ಗ್ರೀಸ್ ಹಚ್ಚಿತ್ತು, ಒಂದೂ ಸೋರುತ್ತಿರಲಿಲ್ಲ. ಯಾರ ಕೆಲಸ ಅಂತ ಕೇಳಿದರೆ ಅಟೆಂಡರ್ ಒಬ್ಬರು ಹಿಂದಿನಿಂದ ಕೈ ಎತ್ತಿದರು. ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಪ್ರೊಫೆಸರ್ ಹೋಗಿ ಅವರ ಕೈ ಕುಲುಕಿದರು.

ಲೈಬ್ರರಿ ನನ್ನ ಪಾಲು. ಪುಸ್ತಕ ಕೊಟ್ಟು ತೆಗೆದುಕೊಂಡ ರಿಜಿಸ್ಟರ್ ಕೇಳಿದೆ. ಮೂರು ತಿಂಗಳ ಎಂಟ್ರಿ, ಒಂದೇ ಕೈಬರಹ, ಒಂದೇ ನೀಲಿ ಪೆನ್ನು, ಒಂದೇ ದಪ್ಪ. ಹುಡುಗರ ಸಹಿಗಳೆಲ್ಲಾ ಅಣ್ಣತಮ್ಮಂದಿರ ಹಾಗಿದ್ದವು. ಲೈಬ್ರೇರಿಯನ್ ನೆಲ ನೋಡುತ್ತಾ ನಿಂತರು. ನಾನು ಏನೂ ಹೇಳದೆ ಕಪಾಟಿನ ಕಡೆ ಹೋದೆ. ರಿಜಿಸ್ಟರ್ ಸುಳ್ಳು ಹೇಳಬಹುದು, ಪುಸ್ತಕದ ಬೆನ್ನು ಹೇಳುವುದಿಲ್ಲ. ಒಡಿಯಾ ಸಾಹಿತ್ಯ ಮತ್ತು ಬಾಟನಿ ಪುಸ್ತಕಗಳ ಬೈಂಡು ಕಿತ್ತು ಬಂದಿತ್ತು, ಪುಟಗಳ ಅಂಚು ಕಪ್ಪಾಗಿತ್ತು. ಅಂದರೆ ಮಕ್ಕಳು ಓದುತ್ತಾರೆ. "ಬರೆದಿಡೋಕೆ ಪುರುಸೊತ್ತು ಇರಲಿಲ್ವಾ?" ಅಂತ ಮೆಲ್ಲಗೆ ಕೇಳಿದೆ. ಲೈಬ್ರರಿಗೆ ಅವರೊಬ್ಬರೇ, ಅದರ ಜೊತೆ ಪರೀಕ್ಷೆ ಕೆಲಸ, ಸ್ಕಾಲರ್‌ಶಿಪ್ ಕೆಲಸ. ಮಕ್ಕಳಿಗೆ ನಂಬಿಕೆ ಮೇಲೆ ಪುಸ್ತಕ ಕೊಡುತ್ತಿದ್ದರಂತೆ. ಈ ರಿಜಿಸ್ಟರ್ ಹೋದ ವಾರ ಕೂತು ಬರೆದದ್ದು. ಸುಮ್ನೆ ಇದ್ದದ್ದನ್ನೇ ಹೇಳಿದ್ದರೆ ನನ್ನ ಲೆಕ್ಕದಲ್ಲಿ ಜಾಸ್ತಿ ಅಂಕ ಬರುತ್ತಿತ್ತು.

ಊಟದ ನಂತರ ವಿದ್ಯಾರ್ಥಿಗಳ ಜೊತೆ ಮಾತುಕತೆ. ಮುಂದಿನ ಸಾಲಿನವರು ಕಲಿತು ಬಂದ ಇಂಗ್ಲಿಷ್‌ನಲ್ಲಿ "ಅವರ್ ಕಾಲೇಜ್ ಈಸ್ ವೆರಿ ಗುಡ್" ಅಂದರು. ಅಧ್ಯಕ್ಷರು ಮೇಷ್ಟ್ರುಗಳನ್ನೆಲ್ಲಾ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಹಿಂದಿ ಭಾಷೆಯಲ್ಲಿ ಮಾತು ಶುರುಮಾಡಿದರು. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಕೊನೆಯ ಬಸ್ ನಾಲ್ಕು ಗಂಟೆಗೆ ಹೋಗಿಬಿಡುತ್ತೆ, ಹಾಗಾಗಿ ನಮ್ಮ ಕಡೆಯ ಹುಡುಗಿಯರು ಪ್ರಾಕ್ಟಿಕಲ್ ಅರ್ಧಕ್ಕೆ ಬಿಟ್ಟು ಓಡ್ತೀವಿ ಅಂದಳು. ಕ್ಲಾಸು ಒಂದು ಗಂಟೆ ಮೊದಲೇ ಶುರುವಾಗುವ ಹಾಗೆ ಟೈಮ್‌ಟೇಬಲ್ ಬದಲಿಸಿದರೆ ಸಾಕು, ಖರ್ಚಿಲ್ಲ. ಇದು ಅಷ್ಟು ದಪ್ಪ ಎಸ್‌ಎಸ್‌ಆರ್‌ನಲ್ಲಿ ಎಲ್ಲೂ ಇರಲಿಲ್ಲ. ಅಷ್ಟೂ ಹೊತ್ತು ಅಧ್ಯಕ್ಷರು ಪೆನ್ನು ಮುಟ್ಟಿರಲಿಲ್ಲ, ಆಗ ತೆಗೆದರು.

ನಾನು ಬಾಗಿಲು ತಳ್ಳಿದ್ದು ಸಂಜೆ. ಬಾಟನಿ ವಿಭಾಗದ ಹಿಂದೆ ಒಂದು ಸ್ಟೋರ್ ರೂಮ್. ಅಲ್ಲಿ ಏನೂ ಇಲ್ಲ ಮೇಡಂ, ಕಸ ಅಂದರು ಐಕ್ಯೂಎಸಿ ಸಂಯೋಜಕರು. ಐಕ್ಯೂಎಸಿ ಅಂದರೆ ಕಾಲೇಜಿನ ಒಳಗಿನ ಗುಣಮಟ್ಟದ ಘಟಕ, ಆ ಎರಡು ದಿನ ಅದರ ಸಂಯೋಜಕರ ಪಾಡು ನಾಯಿಪಾಡು. ಒಳಗೆ ಹಳೇ ಕಬ್ಬಿಣದ ಬೀರು. ತೆಗೆದರೆ ಜಾಮ್ ಬಾಟಲಿ, ಹಾರ್ಲಿಕ್ಸ್ ಬಾಟಲಿ, ಔಷಧಿ ಬಾಟಲಿ. ಒಂದೊಂದರಲ್ಲೂ ಬಿತ್ತನೆ ಕಾಳು, ಮೇಲೆ ಚೀಟಿ. ಹಳ್ಳಿಯ ಹೆಸರು, ತಂದ ಹುಡುಗಿಯದೋ ಹುಡುಗನದೋ ಹೆಸರು, ಬಿತ್ತುವ ತಿಂಗಳು. ಭತ್ತವೇ ಎಷ್ಟೋ ಬಗೆ. ಜೀರಿಗೆಯ ಹಾಗೆ ಕಪ್ಪಗೆ ಸಣ್ಣಗಿದ್ದ ಕಾಲಾಜೀರಾ ಮೂಸಿ ನೋಡಿದರೆ ಘಮ್ ಅಂತಿತ್ತು (ಆ ಭತ್ತಕ್ಕೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು ಬಂತು). ಕೆಳಗಿನ ಹಲಗೆಯಲ್ಲಿ ಬರೀ ರಾಗಿ. ಅವರು ಮಂಡಿಆ ಅನ್ನುತ್ತಾರೆ. ಕೆಂಪು, ಕಂದು, ಬಿಳಿಚು. ನಾನು ನೆಲದ ಮೇಲೇ ಕೂತುಬಿಟ್ಟೆ.

ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳು ಮನೆಯಿಂದ ಒಂದು ಹಿಡಿ ಬೀಜ ತರುತ್ತಾರೆ, ಬಾಟನಿ ಮೇಡಂ ಅದನ್ನು ಹಿತ್ತಲಲ್ಲಿ ಬಿತ್ತಿ ಮತ್ತೆ ಹೊಸ ಬೀಜ ಮಾಡಿಡುತ್ತಾರೆ. ಹನ್ನೊಂದು ವರ್ಷದಿಂದ ನಡೆದಿದೆ. ಇದನ್ನು ಯಾಕೆ ಬರೆಯಲಿಲ್ಲ ಅಂದೆ. ಬಾಟನಿ ಮೇಡಂ ಸೆರಗು ಸರಿಮಾಡಿಕೊಂಡು ನಕ್ಕರು. "ಇದು ಹಳ್ಳಿಯವರ ಕೆಲಸ ಅಲ್ವಾ ಮೇಡಂ. ಇದನ್ನೆಲ್ಲಾ ನ್ಯಾಕ್‌ಗೆ ಹೇಗೆ ಬರೆಯೋದು?"

ಎಸ್‌ಎಸ್‌ಆರ್‌ನಲ್ಲಿ ಅವರು ಬರೆದಿದ್ದ ಎರಡು ಬೆಸ್ಟ್ ಪ್ರಾಕ್ಟೀಸ್ ಇವು: ಗ್ರೀನ್ ಕ್ಯಾಂಪಸ್ ಮತ್ತು ಮೆಂಟರ್-ಮೆಂಟೀ ಪದ್ಧತಿ (ಒಬ್ಬೊಬ್ಬ ಮೇಷ್ಟ್ರು ಕೆಲವು ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವುದು). ಇವೆರಡೂ ಇಲ್ಲದ ಎಸ್‌ಎಸ್‌ಆರ್ ನಾನು ಓದಿದ್ದು ಕಡಿಮೆ. ಪಕ್ಕದ ಕಾಲೇಜಿನದ್ದು ನೋಡಿಕೊಂಡು ಬರೆದಿರುತ್ತಾರೆ, ಪಕ್ಕದವರು ಇನ್ನೊಬ್ಬರದ್ದು ನೋಡಿರುತ್ತಾರೆ. ಈ ಕೋರಾಪುಟ್ಟೋ, ಪಾರಂಪರಿಕ ಬೇಸಾಯಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಪಟ್ಟಿಯಲ್ಲಿ ಜಾಗ ಕೊಟ್ಟ ಪ್ರದೇಶ. ಭತ್ತದ ತಳಿ ಉಳಿಸಿದ ಕಮಲಾ ಪೂಜಾರಿಯವರಿಗೆ ಅದೇ ವರ್ಷ ಪದ್ಮಶ್ರೀ ಬಂದಿತ್ತು, ಅವರು ಇದೇ ಜಿಲ್ಲೆಯವರು. ಇಷ್ಟಿದ್ದೂ ಆ ಬೀರುವಿಗೆ ಕಸ ಅಂತ ಹೆಸರು.

ಹೋಟೆಲ್‌ಗೆ ಬಂದರೆ ಕೌಂಟರಿನಲ್ಲಿ ನನ್ನ ಹೆಸರಿಗೆ ಒಂದು ಪೊಟ್ಟಣ. ಬಿಚ್ಚಿದೆ, ಸುಳ್ಳು ಯಾಕೆ ಹೇಳಲಿ. ಕೋಟ್‌ಪಾಡ್ ಸೀರೆ. ಇದೇ ಜಿಲ್ಲೆಯ ಕೋಟ್‌ಪಾಡಿನ ನೇಕಾರರು ಆಲ್ ಗಿಡದ ಬೇರಿನ ಬಣ್ಣದಲ್ಲಿ ನೂಲು ಅದ್ದಿ ನೇಯುತ್ತಾರೆ. ಒಣಗಿದ ರಕ್ತಚಂದನದ ಥರದ ಕೆಂಪು. ಬೆರಳಲ್ಲಿ ಒಮ್ಮೆ ಸವರಿ, ಮಡಚಿ, ವಾಪಸ್ ಕಳಿಸಿದೆ. ಉಳಿದಿಬ್ಬರೂ ಅವರವರ ಪೊಟ್ಟಣ ಕಳಿಸಿದರು. ಉಡುಗೊರೆ ಮುಟ್ಟುವ ಹಾಗಿಲ್ಲ. ಎಲ್ಲರೂ ಹಾಗೇ ಇರುತ್ತಾರೆ ಅಂತ ಹೇಳಲಾರೆ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ವಿಶ್ವವಿದ್ಯಾಲಯಕ್ಕೆ ಒಳ್ಳೇ ಗ್ರೇಡ್ ಕೊಡಲು ಲಂಚ ತೆಗೆದುಕೊಂಡರು ಅನ್ನುವ ಆರೋಪದ ಮೇಲೆ ನ್ಯಾಕ್ ತಂಡದವರನ್ನೇ ಸಿಬಿಐ ಬಂಧಿಸಿತು. ಪೇಪರಿನಲ್ಲಿ ಅದನ್ನು ಓದಿದ ದಿನ ನನಗೆ ಈ ಪೊಟ್ಟಣ ನೆನಪಾಯಿತು. ಸೀರೆಯಿಂದ ಶುರುವಾದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಮಂಗಳವಾರ

ಬೆಳಗ್ಗೆ ಆಡಳಿತ ಮಂಡಳಿ, ಪೋಷಕರು, ಹಳೇ ವಿದ್ಯಾರ್ಥಿಗಳು, ಲೆಕ್ಕಪತ್ರ. ಹಾಸ್ಟೆಲ್ ಅಡುಗೆಮನೆಯಲ್ಲಿ ದಾಲ್ಮಾ ಕುದಿಯುತ್ತಿತ್ತು, ಬೇಳೆ ತರಕಾರಿ ಒಟ್ಟಿಗೆ ಬೇಯಿಸಿದ್ದು. ಪಕ್ಕದ ಪಾತ್ರೆಯಲ್ಲಿ ಏನೋ ಮುಚ್ಚಿಟ್ಟಿದ್ದರು. ಏನಮ್ಮಾ ಅದು ಅಂದರೆ ಅಡುಗೆಯವಳು ನಾಚಿದಳು. ಮಂಡಿಆ ಪೇಜ್, ಅಂದರೆ ರಾಗಿ ಗಂಜಿ. ಅಡುಗೆಯವರಿಗೆ ಮಾತ್ರ ಅಂತೆ, ಅತಿಥಿಗಳಿಗೆ ಅಲ್ಲವಂತೆ. ನನಗೊಂದು ಲೋಟ ಕೊಡು ಅಂದೆ. ಹುಳಿ ಸ್ವಲ್ಪ ಜಾಸ್ತಿ, ನಮ್ಮ ಅಂಬಲಿಯದೇ ರುಚಿ. ಪ್ರಿನ್ಸಿಪಾಲರು ದಂಗಾಗಿ ನೋಡುತ್ತಿದ್ದರು. ನಮಗೆ ಪನ್ನೀರ್ ತರಿಸಲು ಜೇಪುರಕ್ಕೆ (ರಾಜಸ್ಥಾನದ್ದಲ್ಲ, ಇದೇ ಜಿಲ್ಲೆಯ ಪಟ್ಟಣ) ಜನ ಕಳಿಸಿದ್ದರಂತೆ, ಪಾಪ.

ಮಧ್ಯಾಹ್ನ ಒಂದು ಕೋಣೆ ಸೇರಿ ವರದಿ ಬರೆಯಲು ಕೂತೆವು. ಜಗಳ ಆಗಿದ್ದು ಅಲ್ಲೇ. ಬೆಸ್ಟ್ ಪ್ರಾಕ್ಟೀಸಿಗೆ ಮೂರು ಕೊಡೋಣ ಅಂದೆ ನಾನು, ಬೀರು ನೋಡಿ. ಅಧ್ಯಕ್ಷರು ಒಪ್ಪಲಿಲ್ಲ. "ಮೇಡಂ, ಅವರು ಬರೆದಿರೋದು ಗ್ರೀನ್ ಕ್ಯಾಂಪಸ್. ಆ ಕುಂಡಗಳು ನಾಳೆ ನರ್ಸರಿಗೆ ವಾಪಸ್ ಹೋಗ್ತವೆ. ಬರೆಯದೇ ಇದ್ದದ್ದಕ್ಕೆ ನಾವು ಅಂಕ ಕೊಟ್ಟರೆ, ಬರೆದು ಮಾಡದೇ ಇದ್ದವರಿಗೆ ಯಾವ ಮುಖ ಇಟ್ಕೊಂಡು ಕಡಿಮೆ ಮಾಡೋದು?"

"ಹಾಗಾದರೆ ನಾವು ಬಂದಿದ್ದು ಯಾಕೆ ಸರ್? ಮೊನ್ನೆ ನೀವೇ ತಾನೇ ಹೇಳಿದ್ದು, ಬಾಗಿಲು ತಳ್ಳಿ ಅಂತ?"

ಕೇರಳದವರು ಕನ್ನಡಕ ಒರೆಸುತ್ತಾ ಕೂತಿದ್ದರು. ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ಅಂಕ ಎರಡಕ್ಕೇ ನಿಂತಿತು. ಆದರೆ ಕಾಲೇಜಿನ ಶಕ್ತಿಗಳನ್ನು ಬರೆಯುವ ಜಾಗದಲ್ಲಿ ಬೀಜದ ಬೀರು ಮೊದಲ ಸಾಲಿಗೆ ಬಂತು. ಶಿಫಾರಸುಗಳಲ್ಲಿ ಟೈಮ್‌ಟೇಬಲ್ ಮತ್ತು ಬಸ್ಸು ಮೊದಲನೆಯದು, ಬೀಜ ಸಂಗ್ರಹಕ್ಕೆ ಒಂದು ಸರಿಯಾದ ಕೋಣೆ ಎರಡನೆಯದು. ಅಧ್ಯಕ್ಷರ ಮಾತು ಸರಿ ಅಂತ ಇವತ್ತು ಅನ್ನಿಸುತ್ತದೆ. ಅವತ್ತು ಅನ್ನಿಸಿರಲಿಲ್ಲ, ಟೀ ಕೂಡ ಮಾತಾಡದೆ ಕುಡಿದೆವು.

ಎಕ್ಸಿಟ್ ಮೀಟಿಂಗಿನಲ್ಲಿ ವರದಿಗೆ ಸಹಿಯಾಯಿತು. ಗ್ರೇಡ್ ಹೇಳುತ್ತಿರಲಿಲ್ಲ, ನಮಗೂ ಗೊತ್ತಿರುತ್ತಿರಲಿಲ್ಲ. ಅಂಕಿಅಂಶದ ಭಾಗ, ಮಕ್ಕಳ ಅಭಿಪ್ರಾಯ, ನಮ್ಮ ಭಾಗ ಎಲ್ಲಾ ನಾಗರಬಾವಿಯಲ್ಲಿ ಕೂಡಿ ಬರಬೇಕಿತ್ತು. ನ್ಯಾಕ್ ಶುರುವಾದದ್ದು 1994ರಲ್ಲಿ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧೀನದಲ್ಲಿ. ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲಿ, ಲಾ ಸ್ಕೂಲಿನ ಹತ್ತಿರ. ದೇಶದ ಯಾವ ಮೂಲೆಯ ಪ್ರಿನ್ಸಿಪಾಲರಿಗೂ ನಾಗರಬಾವಿ ಅಂದರೆ ಎದೆ ಢವಢವ. ಹತ್ತಿರದ ಹೋಟೆಲ್‌ನಲ್ಲಿ ಒಳ್ಳೇ ಮಸಾಲೆದೋಸೆ ಸಿಗುತ್ತೆ ಅಂತ ಇವರಿಗೆ ಹೇಳಬೇಕು ಅನ್ನಿಸಿತು, ಸುಮ್ಮನಾದೆ.

ಹೊರಡುವಾಗ ಬಾಟನಿ ಮೇಡಂ ಒಂದು ಸಣ್ಣ ಕಾಗದದ ಪೊಟ್ಟಣ ನನ್ನ ಕೈಗಿಟ್ಟರು. ಒಂದು ಹಿಡಿ ರಾಗಿ, ಆ ಕೆಂಪಗಿನದು. ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. ವಾಪಸ್ ಕೊಟ್ಟೆ. ಸೀರೆ ವಾಪಸ್ ಕಳಿಸುವಾಗ ಆಗದ ಸಂಕಟ ಈಗ ಆಯಿತು. ಆ ಹೆಂಗಸು ಏನೂ ಅಂದುಕೊಳ್ಳಲಿಲ್ಲ, "ನಿಮ್ಮ ಕಡೆನೂ ಬೆಳೀತೀರಲ್ಲ ಮೇಡಂ" ಅಂದರು.

ಬುಧವಾರ

ಉಳಿದಿಬ್ಬರು ಬೆಳಗ್ಗೆಯೇ ಕಾರಿನಲ್ಲಿ ಹೊರಟರು. ನಾನು ರೈಲಿನಲ್ಲಿ ಬರುತ್ತೇನೆ ಅಂದೆ, ನನ್ನ ಖರ್ಚಿನಲ್ಲಿ. ಕೋರಾಪುಟ್‌ನಲ್ಲಿ ಗುಡ್ಡದ ಮೇಲಿನ ಜಗನ್ನಾಥ ಗುಡಿಗೆ ಹೋಗಿ ಬಂದೆ. ಆಟೋದಲ್ಲಿ ಬರುವಾಗ ಕೈಮಗ್ಗದ ಅಂಗಡಿ ಕಂಡಿತು. ಅದೇ ಕೆಂಪಿನ ಕೋಟ್‌ಪಾಡ್ ಸೀರೆ ತೆಗೆದುಕೊಂಡೆ. ಬಿಲ್ ಕೇಳಿ ಬರೆಸಿಕೊಂಡೆ. ಅದು ಈಗಲೂ ಸೀರೆಯ ಮಡಿಕೆಯಲ್ಲೇ ಇದೆ.

ಸ್ಟೇಷನ್ನಿನಲ್ಲಿ ಯಾರೋ ಕನ್ನಡ ಮಾತಾಡಿದ ಹಾಗೆ ಕೇಳಿಸಿತು. ಭ್ರಮೆಯಲ್ಲ. ಹತ್ತಿರದ ಸುನಾಬೇಡಾದಲ್ಲಿ ಎಚ್‌ಎಎಲ್ ಎಂಜಿನ್ ಕಾರ್ಖಾನೆ ಇದೆ, ಮಿಗ್ ವಿಮಾನಗಳ ಎಂಜಿನ್‌ಗಾಗಿ 1960ರ ದಶಕದಲ್ಲಿ ಶುರುವಾದದ್ದು. ಬೆಂಗಳೂರಿನಿಂದ ವರ್ಗವಾಗಿ ಬಂದ ಗಂಡ ಹೆಂಡತಿ. "ಇಲ್ಲಿ ರಾಗಿ ಸಿಗುತ್ತೆ, ಮುದ್ದೆಗೆ ತೊಂದರೆ ಇಲ್ಲ. ಸೊಪ್ಪಿನ ಸಾರಿಗೆ ಸೊಪ್ಪೂ ಸಿಗುತ್ತೆ ಅಕ್ಕ. ತೋಪಿನ ಮಾವಿನಕಾಯಿ ಉಪ್ಪಿನಕಾಯಿ ಮಾತ್ರ ಊರಿಂದಲೇ ಬರಬೇಕು" ಅಂದರು ಆಕೆ.

ಕಿರಂದೂಲ್ ಕಡೆಯಿಂದ ಬಂದ ಗಾಡಿ ಮಧ್ಯಾಹ್ನ ಹತ್ತಿದೆ. ಬೈಲಾಡಿಲದ ಕಬ್ಬಿಣದ ಅದಿರನ್ನು ವಿಶಾಖಪಟ್ಟಣದ ಬಂದರಿಗೆ ಸಾಗಿಸಲು 1960ರ ದಶಕದಲ್ಲಿ ಹಾಕಿದ ದಾರಿ ಇದು. ಅದಿರು ಹೋಗುತ್ತಿದ್ದದ್ದು ಜಪಾನಿಗೆ. ಪ್ರಯಾಣಿಕರ ಗಾಡಿಗೆ ಇಲ್ಲಿ ಮರ್ಯಾದೆ ಕಡಿಮೆ, ಕೆಂಪು ಮಣ್ಣು ಹೊತ್ತ ಗೂಡ್ಸ್ ಬಂದರೆ ನಾವು ಪಕ್ಕಕ್ಕೆ ನಿಲ್ಲಬೇಕು. ಅರಕು ದಾಟಿ ಶಿಮಿಲಿಗುಡ, ಸುಮಾರು 996 ಮೀಟರ್ ಎತ್ತರದ ಪುಟ್ಟ ಸ್ಟೇಷನ್. ಆಮೇಲೆ ಸುರಂಗದ ಮೇಲೆ ಸುರಂಗ. ಇಡೀ ದಾರಿಯಲ್ಲಿ ಐವತ್ತಕ್ಕೂ ಜಾಸ್ತಿ ಇವೆ. ಎಣಿಸಲು ಶುರುಮಾಡಿ ಹದಿನಾಲ್ಕಕ್ಕೆ ಬಿಟ್ಟೆ. ಬೆಳಕು ಬಂದಾಗೆಲ್ಲಾ ಕಿಟಕಿಯಲ್ಲಿ ಹುಚ್ಚೆಳ್ಳಿನ ಹಳದಿ, ಮತ್ತೆ ಕತ್ತಲು.

ಆ ಕಾಲೇಜಿಗೆ ಕೆಲವು ವಾರದ ಮೇಲೆ ಬಿ ಗ್ರೇಡ್ ಬಂತು. ನಾಲ್ಕಕ್ಕೆ ಎರಡರ ಮೇಲೆ, ಎರಡೂವರೆ ಒಳಗೆ. ನ್ಯಾಕ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ನಾನೂ ಅಲ್ಲೇ ನೋಡಿದ್ದು. ಈಚೆಗೆ ಕಾಲೇಜುಗಳ ಭೇಟಿಯನ್ನು ಆನ್‌ಲೈನ್‌ನಲ್ಲೇ ಮುಗಿಸುವ ಪದ್ಧತಿ ಬಂದಿದೆ. ಓಡಾಟದ ಖರ್ಚು ಉಳಿಯುತ್ತೆ, ಪೊಟ್ಟಣಗಳ ಕಾಟವೂ ತಪ್ಪುತ್ತೆ, ಸರಿ. ಕ್ಯಾಮೆರಾ ಹಿಡಿದವರು ಆ ಸ್ಟೋರ್ ರೂಮಿನ ಕಡೆ ತಿರುಗುತ್ತಿದ್ದರಾ ಅಂತ ನನಗೆ ಅನುಮಾನ.

ಗುರುವಾರ ಕಾಲೇಜಿಗೆ ಹೋದೆ. ಟೇಬಲ್ ಮೇಲೆ ಫೈಲು ರಾಶಿ ಬಿದ್ದಿತ್ತು. ನಮ್ಮ ಐಕ್ಯೂಎಸಿ ಮೇಷ್ಟ್ರು ಕಾಯುತ್ತಾ ನಿಂತಿದ್ದರು. ವಾರ್ಷಿಕ ವರದಿ ಕಳಿಸಲು ದಿನ ಹತ್ತಿರ ಬಂದಿತ್ತು.

"ಹೇಗಾಯ್ತು ಮೇಡಂ ಪ್ರಯಾಣ? ಎಲ್ಲಾ ಕಾಲಂ ತುಂಬಿದೀನಿ, ಒಂದು ಮಾತ್ರ ಉಳಿದಿದೆ. ಬೆಸ್ಟ್ ಪ್ರಾಕ್ಟೀಸ್. ಹೋದ ವರ್ಷದ ಗ್ರೀನ್ ಕ್ಯಾಂಪಸ್ಸನ್ನೇ ಹಾಕಿಬಿಡ್ಲಾ?"